ಆನ್ರಿ ಕ್ಯಾಸಿನಿ: ಹೂವಿನೊಳಗಿನ ಹೂಗಳನ್ನು ಕಂಡವರು

ವಿಜ್ಞಾನಿಗಳ ಪರಿಚಯವನ್ನು ನಾವು ಪಾಠಯೋಜನೆಯಲ್ಲಿ ಹೆಚ್ಚಾಗಿ ಎರಡು ಸಾಲಿಗೆ ಮುಗಿಸುತ್ತೇವೆ: ಹುಟ್ಟಿದ ವರ್ಷ, ಮಾಡಿದ ಶೋಧನೆ. ಆದರೆ ಕೆಲವರ ಬದುಕೇ ವೀಕ್ಷಣಾ ಕೌಶಲದ ಪಾಠವಾಗಿರುತ್ತದೆ. ಫ್ರಾನ್ಸಿನ ಸಸ್ಯವಿಜ್ಞಾನಿ ಆನ್ರಿ ಕ್ಯಾಸಿನಿ ಅಂಥವರಲ್ಲೊಬ್ಬರು.

ಅವರು ಹುಟ್ಟಿದ್ದು 1781ರಲ್ಲಿ, ಪ್ಯಾರಿಸ್‌ನ ಪ್ರಸಿದ್ಧ ಖಗೋಳ ವಿಜ್ಞಾನಿಗಳ ಮನೆತನದಲ್ಲಿ. ಶನಿಯ ನಾಲ್ಕು ಉಪಗ್ರಹಗಳನ್ನೂ ಅದರ ಉಂಗುರಗಳ ನಡುವಿನ ಅಂತರವನ್ನೂ ಗುರುತಿಸಿದ ಜೊವಾನಿ ಕ್ಯಾಸಿನಿ ಇವರ ಮುತ್ತಜ್ಜನ ತಂದೆ. ನಾಲ್ಕು ತಲೆಮಾರು ಪ್ಯಾರಿಸ್ ವೀಕ್ಷಣಾಲಯದ ಹೊಣೆ ಈ ಮನೆತನದ್ದಾಗಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ತಂದೆ ಆ ಹುದ್ದೆ ಕಳೆದುಕೊಂಡರು. ಮುಂದಿನ ವರ್ಷ ಸೆರೆವಾಸವನ್ನೂ ಅನುಭವಿಸಿದರು. ಐದನೆಯ ತಲೆಮಾರಿನ ಆನ್ರಿ ಖಗೋಳಶಾಸ್ತ್ರದ ದಾರಿ ಹಿಡಿಯಲಿಲ್ಲ. ಕಾನೂನು ಓದಿ ನ್ಯಾಯಾಧೀಶರಾದರು.

ನ್ಯಾಯಾಲಯದ ಕೆಲಸದ ನಡುವೆ ಉಳಿದ ಸಮಯವನ್ನು ಅವರು ಸೂರ್ಯಕಾಂತಿ ಕುಟುಂಬಕ್ಕೆ ಮೀಸಲಿಟ್ಟರು. ಈ ಕುಟುಂಬದಲ್ಲಿ ಒಂದು ಹೂವೆಂದು ಕಾಣುವುದು ನಿಜಕ್ಕೂ ಅನೇಕ ಪುಟ್ಟ ಹೂಗಳ ಗೊಂಚಲು. ಅದು ಮೊದಲೇ ತಿಳಿದಿತ್ತು. ಕ್ಯಾಸಿನಿ ಆ ಪುಟ್ಟ ಹೂಗಳ ಒಳಕ್ಕೆ ಇಳಿದರು. ಶಲಾಕೆ, ಕೇಸರ, ದಳವೃತ್ತ, ಅಂಡಾಶಯಗಳನ್ನು ಒಂದೊಂದಾಗಿ ಹೋಲಿಸಿ 1812ರಿಂದ ಪ್ರಬಂಧಗಳನ್ನು ಮಂಡಿಸಿದರು. ಹೊರನೋಟದ ಹೋಲಿಕೆಯನ್ನು ಬಿಟ್ಟು, ಈ ಸೂಕ್ಷ್ಮ ಭಾಗಗಳ ಆಧಾರದಲ್ಲಿ ಇಡೀ ಕುಟುಂಬವನ್ನು ಟ್ರೈಬ್ ಎಂಬ ಉಪಗುಂಪುಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಹಲವು ಇಂದಿಗೂ ಬಳಕೆಯಲ್ಲಿವೆ.

ನಮ್ಮ ಮಾರುಕಟ್ಟೆಯ ಆಸ್ಟರ್ ಹೂವೇ ಇದಕ್ಕೆ ಉತ್ತಮ ಉದಾಹರಣೆ. ಚೀನಾ ಮೂಲದ ಈ ಗಿಡವನ್ನು ಲಿನೇಯಸ್ 1753ರಲ್ಲಿ ಆಸ್ಟರ್ ಕುಲಕ್ಕೆ ಸೇರಿಸಿದ್ದರು. ಇದರ ಕಾಯಿಯ ತುದಿಯಲ್ಲಿ ಎರಡು ಸುತ್ತು ರಚನೆಗಳಿವೆ: ಹೊರಗೆ ಕಿರೀಟದಂತೆ ಗಿಡ್ಡ ಹುರುಪೆಗಳು, ಒಳಗೆ ಉದ್ದನೆಯ ಬಿರುಗೂದಲುಗಳು. ಕ್ಯಾಸಿನಿ 1825ರಲ್ಲಿ ಇದಕ್ಕೆ ಕ್ಯಾಲಿಸ್ಟೆಫಸ್ ಎಂಬ ಪ್ರತ್ಯೇಕ ಕುಲವನ್ನು ರಚಿಸಿದರು. ಗ್ರೀಕ್ ಮೂಲದ ಈ ಹೆಸರಿನ ಅರ್ಥ ಸುಂದರ ಕಿರೀಟ. ನಮ್ಮ ರೈತರು ಬೆಳೆಯುವ ಹುಚ್ಚೆಳ್ಳಿನ ಕುಲವಾದ ಗೈಜೋಷಿಯಕ್ಕೂ ಹೆಸರಿಟ್ಟವರು ಅವರೇ.

ಅವರ ಬರಹಗಳಲ್ಲಿ ಬಹುಪಾಲು ಅಕಾರಾದಿಯಾಗಿ ಜೋಡಿಸಿದ ಒಂದು ವಿಜ್ಞಾನಕೋಶದ ಸಂಪುಟಗಳಲ್ಲಿ ಚದುರಿಹೋಗಿದ್ದವು. 1826ರಲ್ಲಿ ಕೆಲವನ್ನು ಒಟ್ಟುಗೂಡಿಸಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಮರುವರ್ಷ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. 1832ರಲ್ಲಿ ಪ್ಯಾರಿಸ್‌ನಲ್ಲಿ ಹರಡಿದ ಕಾಲರಾ ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರಿಗೆ ಐವತ್ತು ವರ್ಷ. ಮಕ್ಕಳಿರಲಿಲ್ಲ. ತಂದೆ ಇನ್ನೂ ಬದುಕಿದ್ದರು.

ಪ್ರಶಿಕ್ಷಣಾರ್ಥಿಗಳಾದ ನಮಗೆ ಅವರ ಬದುಕು ತೋರುವ ದಾರಿ ಸರಳವಾದುದು: ಹೆಸರು ಹೇಳುವ ಮೊದಲು ಬಿಡಿಸಿ ನೋಡಬೇಕು. ಪುಷ್ಪದ ಭಾಗಗಳ ಪಾಠಕ್ಕೆ ದಾಸವಾಳದ ಜೊತೆಗೆ ಆಸ್ಟರ್ ಹೂವನ್ನೂ ತರಗತಿಗೆ ಒಯ್ಯಬಹುದು. ನಡುವೆ ಹಳದಿ ತಟ್ಟೆ ಸ್ಪಷ್ಟವಾಗಿ ಕಾಣುವ ಹೂವನ್ನೇ ಆರಿಸಿಕೊಳ್ಳಬೇಕು; ತುಂಬುಸುತ್ತಿನ ತಳಿಗಳಲ್ಲಿ ಆ ಭಾಗ ಮರೆಯಾಗಿರುತ್ತದೆ. ನಾಲ್ವರಿಗೆ ಒಂದು ಹೂ, ಒಂದು ಸೂಜಿ, ಒಂದು ಕೈಮಸೂರ, ಒಂದು ಕಪ್ಪು ಕಾಗದ ಸಾಕು. ಮಕ್ಕಳು ದಳವೆಂದು ಕರೆಯುವ ಅಂಚಿನ ಪಟ್ಟಿಯೊಂದನ್ನು ಬುಡಸಮೇತ ಕೀಳಲಿ. ಅದರ ಬುಡದಲ್ಲಿ ಅಂಡಾಶಯ ಕಾಣುತ್ತದೆ, ಕೇಸರ ಇರುವುದಿಲ್ಲ. ಅದು ಹೆಣ್ಣು ಹೂವು. ನಡುವಿನ ಹಳದಿ ಕೊಳವೆಯಲ್ಲಿ ಎರಡೂ ಇರುತ್ತವೆ. ಎಣಿಕೆಯನ್ನೂ ತೀರ್ಮಾನವನ್ನೂ ಮಕ್ಕಳಿಗೇ ಬಿಟ್ಟರೆ, ಒಂದು ಹೂವಿನಲ್ಲಿ ಎಷ್ಟು ಹೂಗಳಿವೆ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಕ್ಯಾಸಿನಿಯವರ ಹೆಸರನ್ನು ಆಗ ಹೇಳಿದರೆ ಅದು ಅವರ ನೆನಪಿನಲ್ಲಿ ಉಳಿಯುತ್ತದೆ.