ಓಟೊ ಕೋನಿಗ್ಸ್‌ಬರ್ಗರ್

ಕಟ್ಟಡವೆಂದರೆ ಕೇವಲ ಕಲ್ಲು, ಗಾರೆ, ಕಬ್ಬಿಣಗಳ ರಾಶಿಯಲ್ಲ. ಅದು ತಾನು ನಿಂತ ನೆಲದ ಹವೆಗೂ ಅಲ್ಲಿ ಬಾಳುವ ಜನರಿಗೂ ಹೊಂದಿಕೊಳ್ಳಬೇಕು. ಈ ತತ್ತ್ವವನ್ನು ಎತ್ತಿಹಿಡಿದವರಲ್ಲಿ ಓಟೊ ಕೋನಿಗ್ಸ್‌ಬರ್ಗರ್ ಪ್ರಮುಖರು.

ಅವರು 1908ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದರು. ವಾಸ್ತುಶಿಲ್ಪವನ್ನು ಅಭ್ಯಸಿಸಿ, ಎಳೆಯ ವಯಸ್ಸಿನಲ್ಲೇ ಪ್ರತಿಷ್ಠಿತ ಷಿಂಕೆಲ್ ಬಹುಮಾನಕ್ಕೆ ಪಾತ್ರರಾದರು. ಆದರೆ 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದಿ ಮನೆತನದವರೆಂಬ ಒಂದೇ ಕಾರಣಕ್ಕೆ ಕೋನಿಗ್ಸ್‌ಬರ್ಗರರು ಸರಕಾರಿ ಉದ್ಯೋಗವನ್ನೂ ತಾಯ್ನಾಡನ್ನೂ ಕಳೆದುಕೊಂಡರು. ಈಜಿಪ್ಟಿನಲ್ಲಿ ಪ್ರಾಚೀನ ಕಟ್ಟಡಗಳನ್ನು ಅಧ್ಯಯನ ಮಾಡುತ್ತ ಕೆಲವು ವರ್ಷ ಕಳೆದರು.

ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1939ರಲ್ಲಿ, ಅವರು ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಗಳಾದರು. ಯುರೋಪಿನಲ್ಲಿ ಬಿಸಿಲನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುತ್ತಾರೆ. ಇಲ್ಲಿ ಅದನ್ನು ಹೊರಗೇ ತಡೆಯಬೇಕು. ಈ ಭೇದವನ್ನು ಅವರು ಬೇಗನೆ ಮನಗಂಡರು. ಸೂರ್ಯನ ಗತಿಯನ್ನೂ ಗಾಳಿಯ ದಿಕ್ಕನ್ನೂ ಗಮನಿಸಿ ನಕ್ಷೆ ಬರೆದರು. ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳೂ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರ ಕೃತಿಗಳು.

1948ರಲ್ಲಿ ಅವರು ಕೇಂದ್ರ ಸರಕಾರದ ವಸತಿ ನಿರ್ದೇಶಕರಾದರು. ಭುವನೇಶ್ವರ ನಗರದ ಯೋಜನೆಯನ್ನು ರೂಪಿಸಿದರು. ನಿರಾಶ್ರಿತರಿಗಾಗಿ ಮನೆಯ ಭಾಗಗಳನ್ನು ದೆಹಲಿಯ ಕಾರ್ಖಾನೆಯಲ್ಲಿ ತಯಾರಿಸುವ ಯತ್ನ ಮಾತ್ರ ಕೈಗೂಡಲಿಲ್ಲ. 1951ರಲ್ಲಿ ಅವರು ಲಂಡನ್ನಿಗೆ ತೆರಳಿ, ಮುಂದೆ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸಿದರು. ನೂತನ ರಾಷ್ಟ್ರಗಳ ಅನೇಕ ತರುಣರು ಅವರ ಶಿಷ್ಯರಾದರು.

1963ರಲ್ಲಿ ವಿಶ್ವಸಂಸ್ಥೆಯು ಸಿಂಗಪುರಕ್ಕೆ ಕಳುಹಿಸಿದ ಮೂವರು ತಜ್ಞರಲ್ಲಿ ಅವರೂ ಒಬ್ಬರು. ನೆಲ ಕಡಿಮೆ, ಜನ ಹೆಚ್ಚಾದ ಆ ದ್ವೀಪದಲ್ಲಿ ಬಹುಮಹಡಿ ವಸತಿಗಳು ಆಗಲೇ ಏಳತೊಡಗಿದ್ದವು. ಮನೆ ಕಟ್ಟಿದರಷ್ಟೇ ಸಾಲದು. ಉದ್ಯೋಗ, ಸಂಚಾರಗಳನ್ನೂ ಅದರೊಡನೆ ಯೋಜಿಸಬೇಕೆಂಬುದು ಈ ತಜ್ಞರ ಸಲಹೆಯಾಗಿತ್ತು. ಕೋನಿಗ್ಸ್‌ಬರ್ಗರರು 1999ರಲ್ಲಿ ನಿಧನರಾದರು.

ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಸುತ್ತ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಬೆಳೆಯುವ ನಗರಕ್ಕೆ ಅವು ಅನಿವಾರ್ಯವಿರಬಹುದು. ಆದರೆ ಅಂತಸ್ತು ಏರಿದಂತೆ ಮರದ ನೆರಳು ಕೆಳಗೆ ಉಳಿಯುತ್ತದೆ. ನೆರಳಿಲ್ಲದ ಗಾಜಿನ ಗೋಡೆಯಿಂದ ಒಳಹೊಕ್ಕ ಕಾವನ್ನು ಇಳಿಸಲು ಹಗಲೆಲ್ಲ ಯಂತ್ರಗಳು ನಡೆಯಬೇಕಾಗುತ್ತದೆ. ಪಶ್ಚಿಮದ ಬಿಸಿಲಿಗೆ ತಡೆ, ಕಿಟಕಿಗೆ ಅಗಲವಾದ ಸಜ್ಜಾ, ಎದುರುಬದುರಾಗಿ ಗಾಳಿಯ ದಾರಿ, ನೆರೆಹೊರೆಯವರು ಕೂಡುವ ಅಂಗಳ—ಇವು ಇಪ್ಪತ್ತನೆಯ ಅಂತಸ್ತಿನವರಿಗೂ ಬೇಕು. ಕಟ್ಟಡದ ಹಿರಿಮೆಯನ್ನು ಅದರ ಎತ್ತರದಿಂದಲ್ಲ, ಒಳಗಿರುವವರ ನೆಮ್ಮದಿಯಿಂದ ಅಳೆಯಬೇಕೆಂಬುದೇ ಕೋನಿಗ್ಸ್‌ಬರ್ಗರರ ಬಾಳಿನಿಂದ ನಾವು ಕಲಿಯಬೇಕಾದ ಪಾಠ.