ಪಾಕಶಾಸ್ತ್ರ ಬರೆದ ರೇಷ್ಮೆ ವ್ಯಾಪಾರಿ

ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ರಾಶಿ ರಾಶಿ ಬೀಳುವ ಟೊಮೇಟೊ ನಮ್ಮ ಮಂಗರಸನಿಗೆ ಗೊತ್ತೇ ಇರಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದ ಆ ಕವಿ ಬದನೆಕಾಯಿಯಲ್ಲಿ ಬಗೆಬಗೆಯ ಅಡುಗೆ ಹೇಳುತ್ತಾನೆ. ಟೊಮೇಟೊ ಆಗಿನ್ನೂ ಅಮೆರಿಕ ಬಿಟ್ಟು ಹೊರಟಿರಲಿಲ್ಲ. ಕಡಲು ದಾಟಿ ಬಂದ ಮೇಲೆ ನಮ್ಮವರು ಅದರಲ್ಲಿ ಬದನೆಯ ನಂಟು ಕಂಡು ಚಪ್ಪರಬದನೆ ಅಂದರು. ಕೆಲವು ಕಡೆ ಗೂದೆಹಣ್ಣು ಅಂತಲೂ ಹೆಸರಾಯಿತು. ಇಟಲಿಯವರು ಬಂಗಾರದ ಹಣ್ಣು ಎಂದು ಕರೆದರು. ಹೆಸರೇನೋ ಬಂಗಾರದ್ದು, ಆದರೂ ಬಹಳ ಕಾಲ ಅದನ್ನು ಅನುಮಾನದಿಂದಲೇ ನೋಡಿದರು. ಅಂಥ ಹಣ್ಣಿಗೆ ಮಧ್ಯಮವರ್ಗದ ಅಡುಗೆಮನೆಯಲ್ಲಿ ಗೌರವದ ಜಾಗ ಕೊಟ್ಟವರಲ್ಲಿ ಪೆಲೆಗ್ರೀನೊ ಅರ್ತೂಸಿ ಒಬ್ಬ.

ಆತ ಅಡುಗೆಯವನಲ್ಲ, ವ್ಯಾಪಾರಿ. ಹುಟ್ಟಿದ್ದು 1820ರಲ್ಲಿ, ರೊಮಾನ್ಯಾ ಸೀಮೆಯ ಫೋರ್ಲಿಂಪೊಪೊಲಿ ಎಂಬ ಸಣ್ಣ ಊರಿನಲ್ಲಿ. ತಂದೆಯದು ಅಂಗಡಿ, ಮನೆಯಲ್ಲಿ ಅನುಕೂಲವಿತ್ತು. 1851ರ ಜನವರಿ 25ರ ರಾತ್ರಿ ಎಲ್ಲ ಬದಲಾಯಿತು. ಪಸ್ಸಾತೋರೆ ಎಂದು ಹೆಸರಾದ ಡಕಾಯಿತ ತನ್ನ ತಂಡದೊಂದಿಗೆ ಊರೊಳಗೆ ನುಗ್ಗಿ, ನಾಟಕಶಾಲೆಯಲ್ಲಿ ಕೂತಿದ್ದ ಶ್ರೀಮಂತರನ್ನೇ ಹಿಡಿದ. ಅರ್ತೂಸಿಯ ಮನೆಯೂ ಲೂಟಿಯಾಯಿತು. ಹಣ ಹೋದರೆ ಮತ್ತೆ ಗಳಿಸಬಹುದು. ಆದರೆ ಆ ರಾತ್ರಿಯ ಆಘಾತಕ್ಕೆ ತಂಗಿ ಗೆರ್ತ್ರೂದೆಯ ಮನಸ್ಸೇ ಕೆಟ್ಟಿತು. ಕೊನೆಗೆ ಆಕೆ ಹುಚ್ಚಾಸ್ಪತ್ರೆ ಸೇರಬೇಕಾಯಿತು. ಕುಟುಂಬ ಊರು ಬಿಟ್ಟು ಫ್ಲಾರೆನ್ಸ್ ನಗರಕ್ಕೆ ಹೋಯಿತು.

ಅಲ್ಲಿ ಅರ್ತೂಸಿ ರೇಷ್ಮೆ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿದ. ಮದುವೆಯಾಗಲಿಲ್ಲ. ನಡುವಯಸ್ಸಿನಲ್ಲೇ ವ್ಯಾಪಾರ ಬಿಟ್ಟು ಓದು ಬರಹಕ್ಕೆ ಕೂತ. 1878ರಲ್ಲಿ ಕವಿ ಫೋಸ್ಕೊಲೊನ ಜೀವನಚರಿತ್ರೆ ಪ್ರಕಟಿಸಿದ. ಆದರೆ ಹೆಸರು ಬಂದದ್ದು ಸಾಹಿತ್ಯದಿಂದಲ್ಲ, ಸೌಟಿನಿಂದ!

1891ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅಡುಗೆಯ ವಿಜ್ಞಾನ ಮತ್ತು ಚೆನ್ನಾಗಿ ಉಣ್ಣುವ ಕಲೆ ಎಂಬರ್ಥದ ಹೆಸರಿಟ್ಟು ಒಂದು ಪುಸ್ತಕ ತಂದ. ಪ್ರಕಾಶಕರು ಒಪ್ಪದೆ ಕೈಯಿಂದಲೇ ದುಡ್ಡು ಹಾಕಿ 1000 ಪ್ರತಿ ಅಚ್ಚು ಹಾಕಿಸಿದ. ಅದರಲ್ಲಿ 475 ಪಾಕಗಳು. ಇದು ಓಡೋದಿಲ್ಲ ಅಂತ ಪರಿಚಯದ ಪ್ರೊಫೆಸರರು ಮೊದಲೇ ಭವಿಷ್ಯ ಹೇಳಿದ್ದರು. ಹುಟ್ಟೂರಿನ ಜಾತ್ರೆಯ ಲಾಟರಿಗೆ ಎರಡು ಪ್ರತಿ ಕೊಟ್ಟರೆ, ಗೆದ್ದವರು ಅವನ್ನು ಹೊಗೆಸೊಪ್ಪಿನ ಅಂಗಡಿಗೆ ಮಾರಿಬಿಟ್ಟರು.

ಆದರೆ ಗೃಹಿಣಿಯರು ಕೈಬಿಡಲಿಲ್ಲ. ಕೊಂಡು ಓದಿದರು, ತಮ್ಮ ಊರಿನ ಅಡುಗೆಗಳನ್ನು ಕಾಗದ ಬರೆದು ತಿಳಿಸಿದರು. ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಮರಿಯೆತ್ತಾ ಮತ್ತು ಫ್ರಾಂಚೆಸ್ಕೊ ಒಲೆಯ ಮೇಲಿಟ್ಟು ಪರೀಕ್ಷೆ ಮಾಡುವರು. ಸರಿ ಬಂದದ್ದು ಮುಂದಿನ ಮುದ್ರಣಕ್ಕೆ ಸೇರುವುದು. ಹೀಗೆ ಪಾಕಗಳು 790 ಆದವು.

ಟೊಮೇಟೊ ಸಾಸಿನ ವಿಧಾನ ಹೇಳುವ ಮೊದಲು ಅರ್ತೂಸಿ ಒಬ್ಬ ಪಾದ್ರಿಯ ಕಥೆ ಹೇಳುತ್ತಾನೆ. ಆತ ಎಲ್ಲರ ಮನೆಯ ವಿಷಯಕ್ಕೂ ಮೂಗು ತೂರಿಸುವವನು. ಅದಕ್ಕೇ ಊರ ಜನ ಟೊಮೇಟೊ ಪಾದ್ರಿ ಅಂತ ಅಡ್ಡಹೆಸರಿಟ್ಟರು. ಯಾಕೆಂದರೆ ಟೊಮೇಟೊ ಕೂಡ ಎಲ್ಲ ಅಡುಗೆಯೊಳಗೂ ತೂರಿಕೊಳ್ಳುತ್ತೆ. ಆದರೆ ಪಾದ್ರಿ ಪ್ರಾಮಾಣಿಕ, ಅವನಿಂದ ಕೆಡುಕಿಗಿಂತ ಒಳಿತೇ ಹೆಚ್ಚು. ಹಣ್ಣಿನ ಗುಣವೂ ಹಾಗೇ ಅಂತ ಇಂಗಿತ. ಮುನ್ನೂರು ವರ್ಷದ ಅನುಮಾನ ಒಂದು ನಗೆಯಲ್ಲಿ ಕರಗಿತು.

ಇನ್ನೊಂದು ಮಾತು. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಜನರ ಭಾಷೆ ಒಂದಾಗಿರಲಿಲ್ಲ. ಊರೂರಿಗೂ ಬೇರೆ ನುಡಿ. ಅಡುಗೆಯ ಹೆಸರುಗಳಂತೂ ಕೇಳಲೇಬೇಡಿ. ಅರ್ತೂಸಿ ತಿಳಿಯಾದ ಇಟಾಲಿಯನ್ನಿನಲ್ಲಿ ಬರೆದು, ಫ್ಲಾರೆನ್ಸಿನ ಕಡೆಯ ಮಾತುಗಳಿಗೆ ಬೇರೆಯವರಿಗಾಗಿ ಅರ್ಥ ಕೊಟ್ಟ. ದಕ್ಷಿಣದ ಅಡುಗೆಗೆ ಪುಸ್ತಕದಲ್ಲಿ ಪಾಲು ಕಡಿಮೆಯೇ, ಅದು ಕೊರತೆ. ಆದರೂ ಬೇರೆ ಬೇರೆ ಸೀಮೆಯ ಮನೆಗಳು ಒಂದೇ ಪುಟದ ಮೇಲೆ ಪರಸ್ಪರ ಪರಿಚಯವಾದವು.

1911ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಅರ್ತೂಸಿ ತೀರಿಕೊಂಡ. ಪುಸ್ತಕದ ಹಕ್ಕನ್ನು ಮರಿಯೆತ್ತಾ ಮತ್ತು ಫ್ರಾಂಚೆಸ್ಕೊಗೆ ಬರೆದಿಟ್ಟಿದ್ದ. ಒಲೆಯ ಮುಂದೆ ಬೆಂದವರ ಋಣ ಆತ ಮರೆಯಲಿಲ್ಲ.

ಧಾರವಾಡ, ಮಂಗಳೂರು, ಮೈಸೂರು ಕಡೆಯಿಂದ ಮುಂಬಯಿಗೆ ಬಂದ ನಮ್ಮ ಮನೆಗಳಲ್ಲಿ ಸಾರು ಒಂದೇ ರುಚಿಯದಲ್ಲ, ಅದರ ಮಾತೂ ಒಂದೇ ಅಲ್ಲ. ಅಮ್ಮ ಹೇಳುವ ಪಾಕವನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳುವುದೂ ಕನ್ನಡದ ಕೆಲಸವೇ. ಮಂಗರಸ ಅದನ್ನು ಷಟ್ಪದಿಯಲ್ಲಿ ಮಾಡಿದ. ನಮಗೆ ಒಂದು ನೋಟ್‌ಬುಕ್ ಸಾಕು.