ಎರಡು ನೋಟ್‌ಬುಕ್, ಒಬ್ಬರೇ ಅಲ್ ಬಿರೂನಿ

ಈ ಸಲದ ಅಂತರ ಕಾಲೇಜು ರಸಪ್ರಶ್ನೆ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ನಮ್ಮ ತಂಡ ಒಂದೇ ಒಂದು ಪ್ರಶ್ನೆಯಿಂದ ಎರಡನೇ ಸ್ಥಾನಕ್ಕೆ ಇಳಿಯಿತು. ಆ ಪ್ರಶ್ನೆ ತಪ್ಪಿದ್ದು ನನ್ನಿಂದ. ಪಂಜಾಬಿನ ನಂದನಾ ಕೋಟೆಯ ಬೆಟ್ಟದ ಮೇಲೆ ನಿಂತು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ 11ನೇ ಶತಮಾನದ ವಿದ್ವಾಂಸ ಯಾರು ಎಂದು ಕೇಳಿದ್ದರು. ನಮ್ಮ ತಂಡದ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದ ತಂಗಿ ನನ್ನ ಕಿವಿಯಲ್ಲಿ ಅಲ್ ಬಿರೂನಿ ಎಂದಳು. ನಾನು ತಲೆ ಅಲ್ಲಾಡಿಸಿದೆ. ಅವರು ಇತಿಹಾಸದವರು, ಘಜ್ನಿ ಮಹಮೂದನ ಕಾಲದಲ್ಲಿ ಬಂದು ಭಾರತದ ಬಗ್ಗೆ ಪುಸ್ತಕ ಬರೆದವರು, ನಿನಗೆ ಗೊತ್ತಿಲ್ಲ ಎಂದು ಹೇಳಿ ಅಲ್ ಖ್ವಾರಿಝ್ಮಿ ಎಂದು ಉತ್ತರ ಕೊಟ್ಟೆ. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು. ಅವರು ಅಲ್ ಬಿರೂನಿ ಎಂದರು, ಅಂಕ ಪಡೆದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಇಬ್ಬರ ನೋಟ್‌ಬುಕ್‌ಗಳನ್ನೂ ತೆಗೆದು ನೋಡಿದೆವು. ಕಲಾ ವಿಭಾಗದ ನನ್ನ ನೋಟ್‌ಬುಕ್‌ನಲ್ಲಿ 'ಅಲ್ಬೆರೂನಿ: ಕಿತಾಬ್ ಉಲ್ ಹಿಂದ್' ಎಂಬ ಒಂದು ಸಾಲು. ಅವಳ ನೋಟ್‌ಬುಕ್‌ನಲ್ಲಿ 'ಅಲ್ ಬಿರೂನಿ: ಭೂಮಿಯ ತ್ರಿಜ್ಯ' ಎಂಬ ಒಂದು ಸಾಲು. ಎರಡೂ ಸರಿ. ಆದರೆ ಎರಡು ತಿಂಗಳು ಒಂದೇ ಮೇಜಿನಲ್ಲಿ ಕುಳಿತು ತಯಾರಿ ಮಾಡಿದರೂ ಇಬ್ಬರೂ ಒಬ್ಬರೇ ಎಂಬುದು ನನಗೆ ತಿಳಿದಿರಲಿಲ್ಲ. ಆ ಬೇಸರದಲ್ಲೇ ಮರುವಾರ ಗ್ರಂಥಾಲಯದಲ್ಲಿ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಒಂದು ಸಾಲಿನಲ್ಲಿ ನಾನು ಮುಗಿಸಿಬಿಟ್ಟಿದ್ದ ಆ ಜೀವನವನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕೆನಿಸಿತು.

ಅಬೂ ರೈಹಾನ್ ಮುಹಮ್ಮದ್ ಇಬ್ನ್ ಅಹ್ಮದ್ ಅಲ್ ಬಿರೂನಿ ಹುಟ್ಟಿದ್ದು 973ರಲ್ಲಿ, ಮಧ್ಯ ಏಷ್ಯಾದ ಖ್ವಾರಝ್ಮ್ ಪ್ರದೇಶದ ಕಾಥ್ ನಗರದ ಬಳಿ. ಇಂದು ಆ ಸ್ಥಳ ಉಜ್ಬೇಕಿಸ್ತಾನದಲ್ಲಿದೆ. ಅಲ್ಲಿನ ಒಂದು ಪಟ್ಟಣಕ್ಕೆ ಈಗ ಅವರದೇ ಹೆಸರು. ಬಿರೂನ್ ಎಂದರೆ ಪರ್ಷಿಯನ್ ಭಾಷೆಯಲ್ಲಿ ಹೊರಗೆ ಎಂದು ಅರ್ಥ. ನಗರದ ಹೊರವಲಯದಲ್ಲಿ ಹುಟ್ಟಿದ್ದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಅವರ ಗುರು ಅಬೂ ನಸ್ರ್ ಮನ್ಸೂರ್ ಎಂಬ ಗಣಿತಜ್ಞರು. ಅವರು ರಾಜಮನೆತನಕ್ಕೆ ಸೇರಿದವರಾಗಿದ್ದರೂ ಈ ಹುಡುಗನಿಗೆ ಪ್ರೀತಿಯಿಂದ ಪಾಠ ಹೇಳಿದರು. 17ನೇ ವಯಸ್ಸಿನಲ್ಲಿ, ಅಂದರೆ ನಮ್ಮದೇ ವಯಸ್ಸಿನಲ್ಲಿ, ಅಲ್ ಬಿರೂನಿ ನಡುಹಗಲಿನ ಸೂರ್ಯನ ಎತ್ತರವನ್ನು ಅಳೆದು ತಮ್ಮ ಊರಿನ ಅಕ್ಷಾಂಶವನ್ನು ಕಂಡುಹಿಡಿದಿದ್ದರು.

ಓದು ನೆಮ್ಮದಿಯಿಂದ ಸಾಗಲಿಲ್ಲ. 995ರಲ್ಲಿ ಖ್ವಾರಝ್ಮ್‌ನಲ್ಲಿ ಅಂತರ್ಯುದ್ಧವಾಗಿ ಗುರುವಿನ ಮನೆತನ ಅಧಿಕಾರ ಕಳೆದುಕೊಂಡಿತು. 22ರ ಯುವಕ ಅಲ್ ಬಿರೂನಿ ಊರು ಬಿಟ್ಟು ಓಡಬೇಕಾಯಿತು. ಇಂದಿನ ತೆಹ್ರಾನ್ ಬಳಿಯ ರಯ್ ನಗರದಲ್ಲಿ ಬಡತನದಲ್ಲಿ ದಿನ ಕಳೆದರು. ಅಲ್ಲಿ ಒಬ್ಬ ಜ್ಯೋತಿಷಿ ಒಂದು ಶಾಸ್ತ್ರವಿಷಯದಲ್ಲಿ ಇವರ ಮಾತನ್ನು ಅಲ್ಲಗಳೆದು ಹಂಗಿಸಿದನಂತೆ. ತನ್ನಷ್ಟು ಸ್ಥಿತಿವಂತನಲ್ಲದವನ ಮಾತಿಗೆ ಬೆಲೆ ಏಕೆ ಎಂಬುದು ಅವನ ಧೋರಣೆ. ಮುಂದೆ ಇವರ ಸ್ಥಿತಿ ಸುಧಾರಿಸಿದಾಗ ಅದೇ ಮನುಷ್ಯ ಸ್ನೇಹ ಬೆಳೆಸಲು ಬಂದ. ಇದನ್ನು ಓದಿದಾಗ ನನಗೆ ಸ್ಪರ್ಧೆಯ ವೇದಿಕೆ ನೆನಪಾಯಿತು. ಆ ತಂಗಿಯ ಉತ್ತರವನ್ನು ನಾನು ತೂಗಿ ನೋಡಿರಲಿಲ್ಲ. ಅವಳು ಜೂನಿಯರ್ ಎಂಬುದನ್ನಷ್ಟೇ ನೋಡಿದ್ದೆ.

997ರಲ್ಲಿ ಅವರು ಕಾಥ್‌ನಲ್ಲಿದ್ದಾಗ ಒಂದು ಚಂದ್ರಗ್ರಹಣವಾಯಿತು. ಬಗ್ದಾದಿನಲ್ಲಿದ್ದ ಪ್ರಸಿದ್ಧ ಗಣಿತಜ್ಞ ಅಬುಲ್ ವಫಾ ಅವರೊಂದಿಗೆ ಮೊದಲೇ ಮಾತಾಡಿಕೊಂಡು ಇಬ್ಬರೂ ತಮ್ಮ ತಮ್ಮ ಊರಿನಿಂದ ಅದನ್ನು ವೀಕ್ಷಿಸಿದರು. ಚಂದ್ರಗ್ರಹಣ ಎಲ್ಲ ಊರುಗಳಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ, ಆದರೆ ಆಯಾ ಊರಿನ ಸ್ಥಳೀಯ ಸಮಯ ಬೇರೆ ಇರುತ್ತದೆ. ಒಂದು ಗಂಟೆಯ ವ್ಯತ್ಯಾಸವೆಂದರೆ 15 ಡಿಗ್ರಿ ರೇಖಾಂಶ. ಇವರಿಬ್ಬರ ವ್ಯತ್ಯಾಸ ಸುಮಾರು ಒಂದು ಗಂಟೆ ಬಂದಿತು. ಫೋನ್ ಇಲ್ಲ, ಇಂದಿನಂಥ ಗಡಿಯಾರ ಇಲ್ಲ. ದೂರದ ಎರಡು ನಗರಗಳ ಇಬ್ಬರು ಒಂದೇ ರಾತ್ರಿ ಆಕಾಶ ನೋಡಿ ಭೂಮಿಯ ಮೇಲಿನ ಅಂತರವನ್ನು ಅಳೆದರು.

ಇಬ್ನ್ ಸೀನಾ ಅವರಿಗಿಂತ ಏಳು ವರ್ಷ ಚಿಕ್ಕವರು. ಅವರಿಗೆ ಅಲ್ ಬಿರೂನಿ 18 ಪ್ರಶ್ನೆಗಳನ್ನು ಬರೆದು ಕಳಿಸಿದ್ದರು. ಹೆಚ್ಚಿನವು ಅರಿಸ್ಟಾಟಲನ ವಿಚಾರಗಳನ್ನು ಕುರಿತು. ಮಂಜುಗಡ್ಡೆ ನೀರಿನಲ್ಲಿ ತೇಲುವುದು ಏಕೆ ಎಂಬುದೂ ಅವುಗಳಲ್ಲೊಂದು. ಉತ್ತರಗಳು ಬಂದವು, ಅವರಿಗೆ ತೃಪ್ತಿಯಾಗಲಿಲ್ಲ, ಮತ್ತೆ ಆಕ್ಷೇಪ ಬರೆದರು. ದೊಡ್ಡವರು ಹೇಳಿದ್ದಾರೆ ಎಂಬುದು ಅವರಿಗೆ ಸಾಕಾಗುವ ಉತ್ತರವಾಗಿರಲಿಲ್ಲ.

ಸುಮಾರು 1000ದ ಹೊತ್ತಿಗೆ ಕ್ಯಾಸ್ಪಿಯನ್ ತೀರದ ಬಳಿಯ ಗುರ್ಗಾನ್‌ನಲ್ಲಿ ಆಶ್ರಯ ಸಿಕ್ಕಿತು. ಅಲ್ಲಿ ಪ್ರಾಚೀನ ಜನಾಂಗಗಳ ಕಾಲಗಣನೆ ಕುರಿತ ದೊಡ್ಡ ಗ್ರಂಥ ಬರೆದರು. ಪರ್ಷಿಯನ್ನರು, ಯಹೂದಿಗಳು, ಕ್ರೈಸ್ತರು, ಮುಸ್ಲಿಮರು ಮೊದಲಾದವರು ವರ್ಷ, ತಿಂಗಳು, ಹಬ್ಬಗಳನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದು ಅದರ ವಿಷಯ. ಇದು ಇತಿಹಾಸವೋ ಗಣಿತವೋ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಆ ಪುಸ್ತಕವನ್ನು ಬರೆಯಲು ಎರಡೂ ಬೇಕಿತ್ತು.

ಮುಂದೆ ಖ್ವಾರಝ್ಮ್‌ಗೆ ಮರಳಿ ಅಲ್ಲಿನ ಅರಸನ ಸಲಹೆಗಾರರಾಗಿದ್ದರು. 1017ರಲ್ಲಿ ಘಜ್ನಿಯ ಸುಲ್ತಾನ ಮಹಮೂದ್ ಖ್ವಾರಝ್ಮ್ ಅನ್ನು ಗೆದ್ದು ಅಲ್ಲಿನ ವಿದ್ವಾಂಸರನ್ನು ತನ್ನ ರಾಜಧಾನಿಗೆ ಕರೆದೊಯ್ದ. ಅವರಲ್ಲಿ ಅಲ್ ಬಿರೂನಿಯೂ ಇದ್ದರು, ಅವರ ಗುರುಗಳೂ ಇದ್ದರು. ಆಗ ಅವರಿಗೆ 44 ವರ್ಷ. ಮರುವರ್ಷ ಕಾಬೂಲ್ ಸಮೀಪದ ಹಳ್ಳಿಯೊಂದರಲ್ಲಿ ಅವರ ಬಳಿ ಒಂದು ಉಪಕರಣವೂ ಇರಲಿಲ್ಲ. ಲೆಕ್ಕ ಮಾಡುವ ಹಲಗೆಯ ಹಿಂಬದಿಯಲ್ಲಿ ವೃತ್ತದ ಕಂಸವನ್ನು ಬರೆದು, ಡಿಗ್ರಿಗಳನ್ನು ಗುರುತು ಮಾಡಿ, ಅದರಿಂದಲೇ ಸೂರ್ಯನ ಎತ್ತರ ಅಳೆದರು. ಅವರ ಬದುಕಿನಲ್ಲಿ ನನಗೆ ಬಹಳ ಇಷ್ಟವಾದ ಚಿತ್ರ ಇದು.

ನಗರಗಳ ಸ್ಥಾನವನ್ನು ಕರಾರುವಾಕ್ಕಾಗಿ ಗುರುತಿಸುವ ಬಗ್ಗೆ 1025ರಲ್ಲಿ ಅವರು ಒಂದು ಗ್ರಂಥ ಮುಗಿಸಿದರು. ಘಜ್ನಿಯಿಂದ ಕಿಬ್ಲಾದ ದಿಕ್ಕು ಸರಿಯಾಗಿ ಯಾವುದು ಎಂಬುದು ಅದರ ಒಂದು ಮುಖ್ಯ ಪ್ರಶ್ನೆ. ನಾವು ಇಂದು ಮೊಬೈಲ್ ತಿರುಗಿಸಿ ನೋಡುವ ದಿಕ್ಕಿನ ಹಿಂದೆ ಇಷ್ಟೊಂದು ತ್ರಿಕೋನಮಿತಿ ಇದೆಯೆಂದು ನನಗೆ ತಿಳಿದಿರಲಿಲ್ಲ.

ನಾನು ತಪ್ಪಿಸಿದ ಪ್ರಶ್ನೆಯ ವಿವರವೂ ಅದೇ ಗ್ರಂಥದಲ್ಲಿದೆ. ನಂದನಾ ಕೋಟೆ ಈಗ ಪಾಕಿಸ್ತಾನದ ಪಂಜಾಬಿನ ಝೇಲಂ ಜಿಲ್ಲೆಯಲ್ಲಿದೆ. ಬೆಟ್ಟದ ಒಂದು ಬದಿಯಲ್ಲಿ ವಿಶಾಲವಾದ ಬಯಲು. ಮೊದಲು ಬಯಲಿನ ಎರಡು ಜಾಗಗಳಿಂದ ಬೆಟ್ಟದ ತುದಿಯ ಕೋನಗಳನ್ನು ಅಳೆದು ಅದರ ಎತ್ತರ ಸುಮಾರು 652 ಮೊಳ ಎಂದು ಕಂಡುಕೊಂಡರು. ನಂತರ ತುದಿಗೆ ಹತ್ತಿ ದಿಗಂತವನ್ನು ನೋಡಿದರು. ಭೂಮಿ ಗುಂಡಗಿರುವುದರಿಂದ ಎತ್ತರದಲ್ಲಿ ನಿಂತವನಿಗೆ ದಿಗಂತ ನೇರ ದೃಷ್ಟಿಗಿಂತ ಸ್ವಲ್ಪ ಕೆಳಗೆ ಕಾಣುತ್ತದೆ. ಆ ಇಳಿಕೆ ಅವರಿಗೆ 34 ನಿಮಿಷ, ಅಂದರೆ ಅರ್ಧ ಡಿಗ್ರಿಗಿಂತ ಕೊಂಚ ಹೆಚ್ಚು ಸಿಕ್ಕಿತು. ವಿಜ್ಞಾನದ ತಂಗಿ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ನನಗೆ ತೋರಿಸಿದಳು: ಬೆಟ್ಟದ ಎತ್ತರವನ್ನು ಆ ಕೋನದ ಕೊಸೈನ್‌ನಿಂದ ಗುಣಿಸಿ, ಒಂದರಿಂದ ಅದೇ ಕೊಸೈನ್ ಕಳೆದು ಬಂದದ್ದರಿಂದ ಭಾಗಿಸಿದರೆ ತ್ರಿಜ್ಯ. ಅವರ ಮೊಳ ಎಷ್ಟುದ್ದ ಎಂದು ಹಿಡಿಯುತ್ತೇವೋ ಅದರ ಮೇಲೆ ಕಿಲೋಮೀಟರ್ ಲೆಕ್ಕ ಬದಲಾಗುತ್ತದೆ. ಆದರೂ ಅದು ಇಂದಿನ 6371 ಕಿ.ಮೀ. ಎಂಬ ಸರಾಸರಿಗೆ ಹತ್ತಿರವೇ ಇದೆ. ಅವರಿಗಿಂತ ಸುಮಾರು 200 ವರ್ಷ ಮೊದಲು ಖಲೀಫಾ ಮಾಮೂನ್ ಇದೇ ಅಳತೆಗಾಗಿ ಮರುಭೂಮಿಗೆ ತಂಡಗಳನ್ನು ಕಳಿಸಿದ್ದ. ಅಲ್ ಬಿರೂನಿಗೆ ಒಂದು ಬೆಟ್ಟ ಸಾಕಾಯಿತು.

ಇನ್ನು ನನ್ನ ನೋಟ್‌ಬುಕ್‌ನ ಸಾಲು. ಭಾರತದ ಕುರಿತ 80 ಅಧ್ಯಾಯಗಳ ಆ ಗ್ರಂಥ ಪೂರ್ಣವಾದದ್ದು ಸುಮಾರು 1030ರಲ್ಲಿ. ಅದಕ್ಕಾಗಿ ಅವರು ನಲವತ್ತು ದಾಟಿದ ಮೇಲೆ ಸಂಸ್ಕೃತ ಕಲಿತರು. ಪಂಡಿತರನ್ನು ಹುಡುಕಿ ಪಾಠ ಕೇಳಿದರು. ಪತಂಜಲಿಯ ಯೋಗದ ಗ್ರಂಥವನ್ನು ಅರಬಿಗೆ ಅನುವಾದಿಸಿದರು. ಯೂಕ್ಲಿಡ್‌ನ ರೇಖಾಗಣಿತವನ್ನು ಭಾರತೀಯರಿಗಾಗಿ ಸಂಸ್ಕೃತ ಶ್ಲೋಕಗಳಲ್ಲಿ ತರಲು ತೊಡಗಿದ್ದಾಗಿಯೂ ಬರೆದಿದ್ದಾರೆ. ಬೇರೆ ಧರ್ಮದವರ ನಂಬಿಕೆಗಳನ್ನು ವಾದ ಹೂಡಿ ಸೋಲಿಸಲು ಆ ಪುಸ್ತಕ ಬರೆದಿಲ್ಲ, ಅವರು ಹೇಳುವುದನ್ನು ಅವರ ಗ್ರಂಥಗಳಿಂದಲೇ ತಿಳಿಸುವುದು ತಮ್ಮ ಉದ್ದೇಶ ಎಂದು ಆರಂಭದಲ್ಲೇ ಸ್ಪಷ್ಟಪಡಿಸಿದರು. ಒಪ್ಪದಿದ್ದ ಕಡೆ ಟೀಕೆಯನ್ನೂ ಮಾಡಿದರು. ಹಾಗೆಯೇ ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳು ಮಾಡಿದವು, ಅದರಿಂದಲೇ ಜನರ ಮನಸ್ಸಿನಲ್ಲಿ ದ್ವೇಷ ಬೇರೂರಿತು ಎಂಬುದನ್ನೂ ಮುಚ್ಚಿಡಲಿಲ್ಲ. ಘಜ್ನಿಯಲ್ಲೇ ಬದುಕುತ್ತಿದ್ದವರಿಗೆ ಹೀಗೆ ಬರೆಯುವುದು ಸುಲಭವಾಗಿರಲಿಲ್ಲ.

ಅವರು ಭಾರತವನ್ನೆಲ್ಲ ಸುತ್ತಿದರೆಂದು ನಾನು ತಿಳಿದಿದ್ದೆ. ಅದೂ ತಪ್ಪು. ಮುಲ್ತಾನ್, ಸಿಯಾಲ್‌ಕೋಟ್, ಲಾಹೋರ್, ನಂದನಾ ಮೊದಲಾದ ತಾವು ಕಂಡ ಊರುಗಳನ್ನು ಪಟ್ಟಿ ಮಾಡಿ, ಅವುಗಳಿಂದಾಚೆ ಹೋಗಿಲ್ಲವೆಂದು ಅವರೇ ಬರೆದಿದ್ದಾರೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಿ ಹೇಳುವುದು ಅವರ ಪದ್ಧತಿ. ಹಾಗೆ ಕೇಳಿ ತಿಳಿದ ಸಂಗತಿಗಳಲ್ಲಿ ನಮಗೆ ಹೆಮ್ಮೆಯೆನಿಸುವ ಒಂದಿದೆ. ಭಾರತದ ಲಿಪಿಗಳನ್ನು ಹೆಸರಿಸುವಾಗ ಅವರು ಕರ್ಣಾಟ ಲಿಪಿಯನ್ನೂ ಹೇಳುತ್ತಾರೆ. ಅದು ಕರ್ಣಾಟ ದೇಶದಲ್ಲಿ ಬಳಕೆಯಲ್ಲಿದೆ, ಸೈನ್ಯಗಳಲ್ಲಿ ಕನ್ನರ ಎನಿಸಿಕೊಳ್ಳುವ ಯೋಧರು ಬರುವುದು ಅಲ್ಲಿಂದಲೇ ಎಂದು ದಾಖಲಿಸುತ್ತಾರೆ. ನೀವು ಈಗ ಓದುತ್ತಿರುವ ಲಿಪಿಯ ಸುದ್ದಿ ಸಾವಿರ ವರ್ಷಗಳ ಹಿಂದೆಯೇ ಅವರ ಅರಬಿ ಪುಸ್ತಕ ಸೇರಿತ್ತು.

ರಸಪ್ರಶ್ನೆಯವರಿಗೆ ಇನ್ನೊಂದು ವಿಷಯ. 1029ರ ಸುಮಾರಿಗೆ ಅವರು ರೈಹಾನಾ ಎಂಬ ವಿದ್ಯಾರ್ಥಿನಿಗಾಗಿ ಗಣಿತ, ಖಗೋಳ, ಜ್ಯೋತಿಷ ಕಲಿಸುವ ಒಂದು ಪುಸ್ತಕ ಬರೆದರು. ಅದು ಪ್ರಶ್ನೋತ್ತರದ ರೂಪದಲ್ಲಿದ್ದು ಅದರಲ್ಲಿ ಸುಮಾರು 530 ಪ್ರಶ್ನೆಗಳಿವೆ. ಬಿಂದು, ರೇಖೆಗಳಿಂದ ಶುರುವಾಗಿ ಒಂದೊಂದು ಉತ್ತರವೂ ಮುಂದಿನ ಪ್ರಶ್ನೆಗೆ ದಾರಿ ಮಾಡುತ್ತದೆ. ನಮ್ಮ ಪಟ್ಟಿಯಲ್ಲೂ ನೂರಾರು ಪ್ರಶ್ನೆಗಳಿದ್ದವು. ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಲಿಲ್ಲ.

ಮಹಮೂದನ ಮಗ ಮಸ್ಊದನ ಹೆಸರಿನಲ್ಲಿ ಅವರು ಖಗೋಳಶಾಸ್ತ್ರದ ಮಹಾಗ್ರಂಥವೊಂದನ್ನು ಅರ್ಪಿಸಿದರು. ಅದಕ್ಕೆ ಪ್ರತಿಯಾಗಿ ಸುಲ್ತಾನ ಒಂದು ಆನೆಯ ಹೊರೆಯಷ್ಟು ಬೆಳ್ಳಿ ಕಳಿಸಿದಾಗ ಅದನ್ನು ಹಿಂದಿರುಗಿಸಿದರೆಂಬ ಕಥೆಯಿದೆ. ರತ್ನಗಳು ಮತ್ತು ಲೋಹಗಳ ಸಾಪೇಕ್ಷ ಸಾಂದ್ರತೆಯನ್ನು ನೀರಿನ ಪಾತ್ರೆಯ ಸಹಾಯದಿಂದ ಅಳೆದರು. 60 ದಾಟಿದ ಮೇಲೆ ತಮ್ಮ ಕೃತಿಗಳ ಪಟ್ಟಿ ಮಾಡಿದಾಗ ಅವು 113 ಇದ್ದವು. ಕೊನೆಗಾಲದಲ್ಲೂ ಔಷಧ ದ್ರವ್ಯಗಳ ಕುರಿತು, ಅವುಗಳಿಗೆ ಹಲವು ಭಾಷೆಗಳಲ್ಲಿರುವ ಹೆಸರುಗಳ ಸಮೇತ, ಒಂದು ಗ್ರಂಥ ಬರೆಯುತ್ತಿದ್ದರು. ಚಂದ್ರನ ಮೇಲಿನ ಒಂದು ಕುಳಿಗೆ ಇಂದು ಅವರ ಹೆಸರಿದೆ.

ಅವರು ತೀರಿಕೊಂಡದ್ದು 1048ರಲ್ಲಿ ಎಂಬುದು ರೂಢಿಯ ಲೆಕ್ಕ. ಆ ದಿನದ ಒಂದು ಘಟನೆಯನ್ನು ಯಾಕೂತ್ ಎಂಬ ಲೇಖಕರು ದಾಖಲಿಸಿದ್ದಾರೆ. ಕೊನೆಯುಸಿರಿನಲ್ಲಿದ್ದ ಅವರನ್ನು ನೋಡಲು ಧರ್ಮಶಾಸ್ತ್ರ ಬಲ್ಲ ಸ್ನೇಹಿತರೊಬ್ಬರು ಬಂದರು. ಅಜ್ಜಿಯರಿಗೆ ಸಲ್ಲಬೇಕಾದ ಆಸ್ತಿ ಪಾಲಿನ ಲೆಕ್ಕವನ್ನು ಹಿಂದೊಮ್ಮೆ ಹೇಳಿದ್ದಿರಲ್ಲ, ಅದು ಹೇಗೆ ಎಂದು ಅಲ್ ಬಿರೂನಿ ಕೇಳಿದರು. ಈ ಸ್ಥಿತಿಯಲ್ಲಿ ಇದೇಕೆ ಎಂದು ಸ್ನೇಹಿತರು ಮರುಗಿದರು. ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲಲ್ಲವೇ ಎಂಬರ್ಥದ ಮಾತು ಅವರಿಂದ ಬಂದಿತು. ಸ್ನೇಹಿತರು ವಿವರಿಸಿದರು, ಅವರು ಕೇಳಿ ಮನನ ಮಾಡಿಕೊಂಡರು. ಸ್ನೇಹಿತರು ಹೊರಟು ಇನ್ನೂ ದಾರಿಯಲ್ಲಿರುವಾಗಲೇ ಆ ಮನೆಯಿಂದ ಅಳುವ ಸದ್ದು ಕೇಳಿಸಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಆ ಉತ್ತರಕ್ಕೆ ಅವರಿಗೆ ಯಾರೂ ಅಂಕ ಕೊಡುವವರಿರಲಿಲ್ಲ. ಇದನ್ನು ಓದಿದ ಮರುದಿನ ನಾನು ಪ್ರಥಮ ಪಿಯುಸಿ ತರಗತಿಗೆ ಹೋಗಿ ತಂಗಿಯ ಬಳಿ ಕ್ಷಮೆ ಕೇಳಿದೆ. ಅವಳು ನಕ್ಕು, ಬೆಟ್ಟದ ಲೆಕ್ಕವನ್ನು ಇನ್ನೊಮ್ಮೆ ಮಾಡೋಣ ಅಕ್ಕ ಎಂದಳು. ಮುಂದಿನ ವರ್ಷ ನಮ್ಮ ಕಾಲೇಜು ತಂಡದ ನಾಯಕಿ ಅವಳೇ. ಅವಳಿಗಾಗಿ ನಾವು ಎರಡು ನೋಟ್‌ಬುಕ್‌ಗಳನ್ನು ಸೇರಿಸಿ ಒಂದು ಮಾಡುತ್ತಿದ್ದೇವೆ. ಪ್ರತಿ ಹೆಸರಿಗೆ ಒಂದು ಸಾಲಿನ ಬದಲು ಒಂದು ಪುಟ. ಕಲಾ, ವಾಣಿಜ್ಯ, ವಿಜ್ಞಾನ ಮೂರೂ ವಿಭಾಗದವರು ಬರೆಯಬಹುದು. ಮಂಗಳವಾರ ಮತ್ತು ಗುರುವಾರ ಝುಹರ್ ನಮಾಝಿನ ನಂತರ ಗ್ರಂಥಾಲಯದಲ್ಲಿ ಕುಳಿತಿರುತ್ತೇವೆ, ಬನ್ನಿ. ಮೊದಲ ಪುಟ ತುಂಬಿದೆ, ಅದು ಅಲ್ ಬಿರೂನಿ ಅವರದು.